ಮರದ ಚೂರುಗಳಲ್ಲಿ ಮೊರಪ್ಪೂರಿನ ಪುಟ್ಟ ರೈಲು

ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಪುಟ್ಟ ರೈಲು ಬಂತು. 1913ರಲ್ಲಿ ಹೊಸೂರು ಮುಟ್ಟಿತು. ಯುದ್ಧಕಾಲದಲ್ಲಿ, 1941ರಲ್ಲಿ, ನಿಂತೇ ಹೋಯಿತು. ಅದರಲ್ಲಿ ಕೂತವರು ಈಗ ವಿರಳ. ಮಕ್ಕಳಿಗೆ ತೋರಿಸಲು ಮಾದರಿಯೇ ದಾರಿ.

ಹಳಿಗಳ ಅಂತರ 762 ಮಿ.ಮೀ. ಇತ್ತು. ಅದನ್ನು 87ನೇ ಒಂದು ಪಾಲಿಗೆ ಇಳಿಸಿದರೆ ಸುಮಾರು 9 ಮಿ.ಮೀ.; ‘ಎನ್’ ಅಳತೆಯ ಆಟಿಕೆ ಹಳಿ ಸರಿಹೊಂದುತ್ತದೆ.

ಹಿನ್ನೆಲೆಯ ಕಟ್ಟಡಗಳಿಗೆ ಬಡಗಿಯ ಬಳಿ ಉಳಿದ ಪ್ಲೈವುಡ್, ರೀಪರ್ ಚೂರುಗಳು ಸಾಕು. ಕಟ್ಟಡ ಪೂರ್ತಿ ಬೇಡ. ಮುಂದಿನ ಗೋಡೆ, ಎರಡು ಸೆಂ.ಮೀ. ಆಳದ ಪಕ್ಕಗಳು, ಅರ್ಧ ಮಾಡು ಇದ್ದರಾಯಿತು. ನಾಲ್ಕು ಮೀಟರ್ ಗೋಡೆಗೆ 46 ಮಿ.ಮೀ., ಏಳಡಿ ಬಾಗಿಲಿಗೆ 24.5 ಮಿ.ಮೀ. ಎತ್ತರ. ಹಿಂದಿನ ಸಾಲನ್ನು ತುಸು ಚಿಕ್ಕದಾಗಿ ಮಾಡಿ ಮಂಕು ಬಣ್ಣ ಬಳಿದರೆ ದೂರದಲ್ಲಿರುವಂತೆ ಕಾಣುತ್ತದೆ.

ಮನೆಯ ಹಿರಿಯರ ಬಳಿ ಹಳೆಯ ಫೋಟೋ ಇದೆಯೇ? ಮೊದಲು ಅದನ್ನು ನೋಡಿ, ಆಮೇಲೆ ಗರಗಸ ಹಿಡಿಯಿರಿ.