ಲೈನ್ ಮನೆ ಬಿಟ್ಟ ಮೇಲೆ

ದೊಡ್ಡ ತೋಟಗಳಲ್ಲಿ ನೆಲೆಸಿ ದುಡಿಯುವವರಿಗೆ ಮಾಲೀಕರೇ ವಸತಿ ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ವಿಧಿಸಿತು. 2020ರ ಕಾರ್ಮಿಕ ಸಂಹಿತೆಯೂ ಆ ಹೊಣೆಯನ್ನು ಉಳಿಸಿಕೊಂಡಿದೆ. ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಬಾಡಿಗೆಯಿಲ್ಲದ ಈ ಸಾಲುಮನೆಗಳಿಗೆ ‘ಲೈನ್ ಮನೆ’ ಎಂದೇ ಹೆಸರು. ಆದರೆ ಈ ಸೂರು ದಕ್ಕುವುದು ದುಡಿಮೆಗೇ ಹೊರತು ದುಡಿದವರಿಗಲ್ಲ.

ಹಣ್ಣು ಕೊಯ್ದು, ಚಿಗುರು ತೆಗೆದು ಬೆನ್ನು ಬಾಗಿದವರು ಕೆಲಸ ನಿಂತೊಡನೆ ಚಿಕ್ಕಮಗಳೂರಿನಂಥ ಊರಿನಲ್ಲಿ ಬಾಡಿಗೆ ಮನೆ ಅರಸಬೇಕಾಗುತ್ತದೆ. ಕೂಲಿಯೇ ಇಲ್ಲದವರು ಮುಂಗಡ ಹಣವನ್ನು ಎಲ್ಲಿಂದ ತಂದಾರು? ಇದರಲ್ಲಿ ಮಾಲೀಕರನ್ನಷ್ಟೇ ದೂರಿ ಫಲವಿಲ್ಲ. ಹೊಸದಾಗಿ ಬರುವ ಕಾರ್ಮಿಕರಿಗೂ ಮನೆ ಬೇಕಲ್ಲವೇ? ಆದ್ದರಿಂದ ಅವರ ಮೈಯಲ್ಲಿ ಕಸುವಿರುವಾಗಲೇ ಸರ್ಕಾರ ಅವರ ಹೆಸರಿಗೆ ನಿವೇಶನ ನೀಡಬೇಕು. ನಿವೃತ್ತಿಯ ದಿನವೇ ನಿರ್ಗತಿಕರಾಗುವ ಪಾಡು ಯಾರಿಗೂ ಬರಬಾರದು.