ಅರ್ಧ ಮನೆಗೆ ಬೆಳಕು, ಅರ್ಧ ಮನೆಗೆ ಕತ್ತಲು

ಕರೆಂಟು ಪೂರ್ತಿ ಹೋದರೆ ಯಾರೂ ಗಾಬರಿಯಾಗುವುದಿಲ್ಲ. ಚಾಮರಾಜನಗರವಿರಲಿ, ಗುಂಡ್ಲುಪೇಟೆಯಿರಲಿ, ಮುಂಗಾರಿಗೆ ಮುಂಚಿನ ಗಾಳಿಮಳೆ ಬಂತೆಂದರೆ ಮೇಣದಬತ್ತಿ ಹುಡುಕುವುದು ಎಲ್ಲರಿಗೂ ರೂಢಿ. ತಲೆ ಕೆಡುವುದು ಅರ್ಧ ಕರೆಂಟು ಹೋದಾಗ. ನಡುಮನೆಯ ದೀಪ ಉರಿಯುತ್ತಿರುತ್ತದೆ, ಅಡುಗೆಮನೆಯ ಮಿಕ್ಸಿ ತಿರುಗುವುದಿಲ್ಲ. ಮಿಕ್ಸಿ ಕೆಟ್ಟಿತು ಎನ್ನುತ್ತಾಳೆ ಅವ್ವ, ಸ್ವಿಚ್ಚು ಹೋಗಿರಬೇಕು ಎನ್ನುತ್ತಾರೆ ಅಪ್ಪ. ಎರಡೂ ಆಗಿರದೆ ಇರಬಹುದು.

ಮನೆಯಲ್ಲಿ ಯುಪಿಎಸ್ ಇದೆಯೇ? ಹಾಗಾದರೆ ಮೊದಲು ಅದನ್ನು ನೋಡಿ. ನಮ್ಮ ಮನೆಗಳಲ್ಲಿ ದೀಪ, ಫ್ಯಾನುಗಳನ್ನಷ್ಟೇ ಯುಪಿಎಸ್‌ಗೆ ಸೇರಿಸಿ, ಮಿಕ್ಸಿ, ಫ್ರಿಜ್, ಗೀಸರ್‌ಗಳನ್ನು ಬಿಟ್ಟಿರುತ್ತಾರೆ. ಕರೆಂಟು ಹೋಗಿ ಅರ್ಧ ಗಂಟೆಯಾಗಿದ್ದರೂ ದೀಪ ಉರಿಯುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. 'ಅರ್ಧ ಕರೆಂಟು' ಎಂಬ ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಯುಪಿಎಸ್ ಇಲ್ಲದಿದ್ದರೆ ಬಾಗಿಲಿಗೆ ಬಂದು ಬೀದಿ ನೋಡಿ. ಅಕ್ಕಪಕ್ಕದ ಮನೆಗಳೆಲ್ಲ ಬೆಳಗುತ್ತಿದ್ದರೆ ತೊಂದರೆ ನಮ್ಮ ಮನೆಯೊಳಗೇ ಇರುವ ಸಂಭವ ಹೆಚ್ಚು. ಮೀಟರ್ ಬೋರ್ಡಿನಲ್ಲಿ ಸಾಲಾಗಿ ಕೂತಿರುವ ಎಂ.ಸಿ.ಬಿ.ಗಳಲ್ಲಿ ಒಂದು ಕೆಳಗೆ ಬಿದ್ದಿರಬಹುದು. ಒಂದೊಂದು ಎಂ.ಸಿ.ಬಿ. ಮನೆಯ ಒಂದೊಂದು ಭಾಗದ ಕಾವಲುಗಾರ. ಆ ಭಾಗದಲ್ಲಿ ಹೊರೆ ಮೀರಿದರೆ, ತಂತಿಗಳು ಒಂದಕ್ಕೊಂದು ತಾಗಿದರೆ ಅದು ತಾನೇ ಬೀಳುತ್ತದೆ. ಅಲ್ಲಿ ಸಾಮಾನುಗಳ ಪ್ಲಗ್ ತೆಗೆದು ದೊಡ್ಡವರು ಒಮ್ಮೆ ಮೇಲೆತ್ತಿ ನೋಡಬಹುದು. ಮತ್ತೆ ಬಿದ್ದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಹಾಗೇ ಬಿಡಬೇಕು. ಹಳೆಯ ಮನೆಗಳಲ್ಲಿ ಪಿಂಗಾಣಿ ಫ್ಯೂಸ್ ಇರುತ್ತದೆ. ಪದೇ ಪದೇ ಸುಡುತ್ತದೆಂದು ಅದಕ್ಕೆ ದಪ್ಪ ತಂತಿ ಕಟ್ಟುವ ಜಾಣರಿದ್ದಾರೆ! ಆಗ ಫ್ಯೂಸ್ ಸುಡುವ ಬದಲು ಗೋಡೆಯೊಳಗಿನ ವೈರ್ ಸುಡುತ್ತದೆ.

ಬೀದಿಯಲ್ಲೂ ಕೆಲವು ಮನೆಗಳಿಗೆ ಮಾತ್ರ ಕರೆಂಟಿದ್ದರೆ? ಲೈಟ್ ಕಂಬದ ಮೇಲೆ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್, ಜೊತೆಗೆ ಬೀದಿದೀಪದ ತಂತಿ ಹೋಗುತ್ತವೆ. ಮನೆಗಳನ್ನು ಮೂರು ಫೇಸ್‌ಗಳಿಗೆ ಹಂಚಿರುತ್ತಾರೆ. ಟಿ.ಸಿ. ಬಳಿ ಒಂದು ಫ್ಯೂಸ್ ಹೋದರೆ ಆ ಫೇಸಿನ ಮನೆಗಳಷ್ಟೇ ಕತ್ತಲಾಗುತ್ತವೆ. ಮೂರೂ ಫೇಸ್ ಪಡೆದ ದೊಡ್ಡ ಮನೆಯಲ್ಲಾದರೆ ಕೆಲವು ಕೋಣೆಗಳು ಮಾತ್ರ. ಇದನ್ನು ಸರಿಮಾಡಬೇಕಾದವರು ಲೈನ್‌ಮನ್. ಕೋಲು ಹಿಡಿದು ಟಿ.ಸಿ. ಹತ್ತಿರ ಹೋಗುವ ಪರಾಕ್ರಮ ಯಾರಿಗೂ ಬೇಡ.

ಗುಂಡ್ಲುಪೇಟೆ ಕಡೆ ಚೆಂಡುಹೂ, ಅರಿಶಿನ ಬೆಳೆಯುವವರಿಗೆ ಈ ಫೇಸ್ ವಿಚಾರ ಹೇಳಿಕೊಡಬೇಕಾಗಿಲ್ಲ. ಮೂರು ಫೇಸ್ ಮೋಟಾರಿಗೆ ಒಂದು ಫೇಸ್ ತಪ್ಪಿದರೆ ಅದು 'ಗುಂಯ್' ಎನ್ನುತ್ತಾ ಬಿಸಿಯಾಗಿ ಒಳಗಿನ ಸುರುಳಿ ಸುಟ್ಟುಕೊಳ್ಳುತ್ತದೆ. ಬೋರ್‌ವೆಲ್‌ನಿಂದ ಮೋಟಾರು ಮೇಲೆತ್ತಿಸಿ ರಿಪೇರಿ ಮಾಡಿಸುವ ಖರ್ಚು ರೈತರ ಮನೆಯ ಮಕ್ಕಳಿಗೂ ಗೊತ್ತು.

ಇನ್ನೊಂದು ಬಗೆಯ ಅರ್ಧ ಕರೆಂಟಿದೆ. ಯಾವುದೂ ಪೂರ್ತಿ ಹೋಗಿರುವುದಿಲ್ಲ, ಆದರೆ ಫ್ಯಾನು ತೆವಳುತ್ತದೆ. ಟಿ.ಸಿ.ಗೆ ಬರುವ 11,000 ವೋಲ್ಟ್ ಲೈನಿನಲ್ಲಿ ಒಂದು ತಂತಿ ತುಂಡಾದರೆ ಊರಿನ ಒಂದು ಫೇಸಿಗೆ ಸರಿಯಾದ ವೋಲ್ಟೇಜ್ ಬಂದು, ಉಳಿದೆರಡಕ್ಕೆ 230ರ ಬದಲು ಸುಮಾರು ಅರ್ಧದಷ್ಟೇ ಬರುತ್ತದೆ. ಹಳೆಯ ಬಲ್ಬು ಕೆಂಪಗಾಗಿ ಇದನ್ನು ಹೇಳಿಬಿಡುತ್ತಿತ್ತು. ಈಗಿನ ಎಷ್ಟೋ ಎಲ್‌ಇಡಿ ಬಲ್ಬುಗಳು ಕಡಿಮೆ ವೋಲ್ಟೇಜಿನಲ್ಲೂ ಚೆನ್ನಾಗಿ ಉರಿದು ಮೋಸ ಮಾಡುತ್ತವೆ. ಹಾಗಾಗಿ ಬಲ್ಬನ್ನು ನಂಬಬೇಡಿ, ಫ್ಯಾನನ್ನು ಕೇಳಿ. ಅದು ನಿಧಾನವಾದರೆ ಕೂಡಲೇ ಫ್ರಿಜ್ ಆರಿಸಿ. ಅದರ ಮೋಟಾರು ಶುರುವಾಗಲಾರದೆ ಬಿಸಿಯಾಗುತ್ತಿರುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ಎಂದರೆ ನ್ಯೂಟ್ರಲ್ ಕಡಿದುಹೋಗುವುದು. ಒಂದು ಲೈಟು ಮಂಕಾಗಿ ಇನ್ನೊಂದು ಕಣ್ಣು ಕುಕ್ಕುವಷ್ಟು ಉರಿಯುವುದು, ಇಸ್ತ್ರಿಪೆಟ್ಟಿಗೆ ಹಾಕಿದರೆ ಪಕ್ಕದ ಕೋಣೆಯ ದೀಪದ ಬೆಳಕು ಹೆಚ್ಚುವುದು, ಇವು ಅದರ ಗುರುತು. ಒಂದು ಸಣ್ಣ ಲೆಕ್ಕ ನೋಡಿ. ಎರಡು ಫೇಸ್‌ಗಳ ನಡುವೆ ಇರುವುದು ಸುಮಾರು 400 ವೋಲ್ಟ್. ಒಂದು ಫೇಸಿನಲ್ಲಿ 40 ವ್ಯಾಟಿನ ಹಳೆಯ ಬಲ್ಬು, ಇನ್ನೊಂದರಲ್ಲಿ 100 ವ್ಯಾಟಿನದು ಉರಿಯುತ್ತಿದೆ ಎನ್ನಿ. ನ್ಯೂಟ್ರಲ್ ಇರುವವರೆಗೆ ಎರಡಕ್ಕೂ 230. ನ್ಯೂಟ್ರಲ್ ಕಡಿದೊಡನೆ ಎರಡೂ ಒಂದೇ ಸರಪಳಿಯ ಕೊಂಡಿಗಳಾಗಿ ಆ 400ನ್ನು ಹಂಚಿಕೊಳ್ಳುತ್ತವೆ. ಸಮಪಾಲಲ್ಲ! 100 ವ್ಯಾಟಿನ ಬಲ್ಬಿಗೆ ಸುಮಾರು 115, ಪಾಪದ 40 ವ್ಯಾಟಿನದಕ್ಕೆ ಸುಮಾರು 285. ಆ ಪುಟ್ಟ ಬಲ್ಬಿನ ಜಾಗದಲ್ಲಿ ನಿಮ್ಮ ಟಿ.ವಿ. ಇದ್ದರೆ ಏನಾದೀತು ಯೋಚಿಸಿ. ಸಾಲುಮನೆಗಳಲ್ಲಿ ಒಂದೇ ರಾತ್ರಿ ನಾಲ್ಕಾರು ಟಿ.ವಿ. ಸುಟ್ಟಿತೆಂಬ ಸುದ್ದಿಯ ಹಿಂದೆ ಬಹಳ ಸಲ ಇದೇ ಇರುತ್ತದೆ. ಇಂಥ ಲಕ್ಷಣ ಕಂಡರೆ ಕಾರಣ ಹುಡುಕುತ್ತಾ ಕೂರದೆ ಮೇನ್ ಸ್ವಿಚ್ ಆರಿಸಿಬಿಡಬೇಕು.

ಒಂಟಿ ಫೇಸಿನ ಮನೆಯೊಳಗೆ ನ್ಯೂಟ್ರಲ್ ಬಿಟ್ಟರೆ ಅದರ ಆಟವೇ ಬೇರೆ. ಏನೂ ಉರಿಯುವುದಿಲ್ಲ, ಆದರೆ ಟೆಸ್ಟರ್ ಇಟ್ಟರೆ ಸಾಕೆಟ್ಟಿನ ಎರಡೂ ತೂತಿನಲ್ಲಿ ಬೆಳಗುತ್ತದೆ. ಎಲ್ಲೋ ಹಾಕಿಟ್ಟ ಬಲ್ಬಿನೊಳಗಿಂದ ಹಾದು ಫೇಸ್ ಈ ಕಡೆಗೂ ಬಂದಿರುತ್ತದೆ. ಬಲ್ಬು ಉರಿಯುತ್ತಿಲ್ಲ, ಕರೆಂಟಿಲ್ಲ ಎಂದು ವೈರ್ ಮುಟ್ಟುವವರಿಗೆ ಶಾಕ್ ಹೊಡೆಯುವುದು ಇಲ್ಲೇ. ಮಕ್ಕಳು ಟೆಸ್ಟರ್ ಮುಟ್ಟುವುದು ಬೇಡ.

ನಿಮಗೆ ಬೇರೆ ಕೆಲಸವಿದೆ. ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದು ದೀಪ, ಫ್ಯಾನು, ಸಾಕೆಟ್ ಎಲ್ಲ ಗುರುತಿಸಿ. ಹಗಲಲ್ಲಿ ದೊಡ್ಡವರಿಂದ ಒಂದೊಂದೇ ಎಂ.ಸಿ.ಬಿ. ಆರಿಸಿ, ಯಾವುದರಿಂದ ಏನು ನಿಂತಿತು ಎಂದು ಬಣ್ಣದ ಪೆನ್ಸಿಲ್‌ನಲ್ಲಿ ಬರೆಯಿರಿ. ಅರ್ಧ ಕತ್ತಲಾದ ದಿನ ಎಲೆಕ್ಟ್ರಿಷಿಯನ್‌ಗೆ ಈ ನಕ್ಷೆಯಿಂದ ಎಷ್ಟು ಹೊತ್ತು ಉಳಿಯುತ್ತದೆಂದು ನೋಡುವಿರಂತೆ.

ಬೀದಿಯದೇ ತೊಂದರೆಯಾದರೆ 1912ಕ್ಕೆ ಫೋನ್ ಮಾಡಬೇಕು, ಅದು ಸೆಸ್ಕ್ ಸಹಾಯವಾಣಿ. 'ಕರೆಂಟಿಲ್ಲ' ಎಂದಷ್ಟೇ ಹೇಳದೆ, 'ಎಡಸಾಲಿನ ಮನೆಗಳಿಗಿಲ್ಲ, ಬಲಸಾಲಿಗಿದೆ' ಅಥವಾ 'ಫ್ಯಾನು ನಿಧಾನ, ಲೈಟು ಹೆಚ್ಚುಕಮ್ಮಿಯಾಗುತ್ತಿದೆ' ಎಂದು ಹೇಳಿ. ತಂತಿ ನೆಲಕ್ಕೆ ಬಿದ್ದಿದ್ದರೆ ಅದನ್ನೇ ಮೊದಲು ಹೇಳಿ, ಯಾರನ್ನೂ ದನಕರುಗಳನ್ನೂ ಹತ್ತಿರ ಬಿಡಬೇಡಿ. ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಕೇಳಬಹುದು. ಕತ್ತಲಲ್ಲಿ ಬಿಲ್ಲು ಹುಡುಕುವ ಬದಲು, ಈಗಲೇ ಆ ನಂಬರನ್ನು ನಿಮ್ಮ ನಕ್ಷೆಯ ಮೂಲೆಯಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ.