ಕೋನಿ ಐಲೆಂಡಿನ ಹಳೆಯ ಅಂಗಡಿಗಳು

ಅಮೆರಿಕದ ನ್ಯೂಯಾರ್ಕ್ ನಗರದ ದಕ್ಷಿಣದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿ ಕೋನಿ ಐಲೆಂಡ್ ಎಂಬ ಊರಿದೆ. ಹೆಸರಿನಲ್ಲಿ ದ್ವೀಪವಿದ್ದರೂ ಅದೀಗ ದ್ವೀಪವಲ್ಲ. ಅದನ್ನು ನೆಲದಿಂದ ಬೇರ್ಪಡಿಸಿದ್ದ ಹಳ್ಳದ ನಡುಭಾಗವನ್ನು ಹಿಂದೆಯೇ ಮುಚ್ಚಲಾಯಿತು. 1920ರಲ್ಲಿ ನಗರದ ರೈಲುಮಾರ್ಗವು ಕಡಲತೀರದವರೆಗೆ ಬಂದಿತು. ಕಿಕ್ಕಿರಿದ ಬಾಡಿಗೆ ಕೋಣೆಗಳಲ್ಲಿ ಬೇಸಗೆಯ ಬೇಗೆಯನ್ನು ಸಹಿಸುತ್ತಿದ್ದ ಕಾರ್ಮಿಕನು ಐದು ಸೆಂಟು ತೆತ್ತು ಇಲ್ಲಿಗೆ ಬಂದು, ಹೆಂಡತಿ ಮಕ್ಕಳೊಡನೆ ಕಡಲ ಗಾಳಿಗೆ ಮೈಯೊಡ್ಡಬಹುದಾಗಿತ್ತು. ಸಿರಿವಂತರಿಗೆ ಬೇರೆ ವಿಹಾರಸ್ಥಳಗಳಿದ್ದವು. ಇದು ಬಡವರ ಕಡಲತೀರ.

ಜನ ನೆರೆದಲ್ಲಿ ಅಂಗಡಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಯೂರೋಪಿನಿಂದ ವಲಸೆ ಬಂದಿದ್ದ ನೇಥನ್ ಹ್ಯಾಂಡ್‌ವರ್ಕರ್ ಎಂಬಾತನು 1916ರಲ್ಲಿ ಇಲ್ಲೊಂದು ತಿಂಡಿಯಂಗಡಿ ತೆರೆದನು. ಬನ್ನಿನ ನಡುವೆ ಬಿಸಿ ಮಾಂಸವನ್ನಿಟ್ಟು ಕೊಡುವ ಹಾಟ್ ಡಾಗ್ ಎಂಬ ತಿನಿಸಿಗೆ ಬೇರೆಡೆ ಹತ್ತು ಸೆಂಟು ಇದ್ದಾಗ ಈತನದು ಐದೇ ಸೆಂಟು. 1920ರಲ್ಲಿ ವಂಡರ್ ವ್ಹೀಲ್ ಎಂಬ ದೈತ್ಯಚಕ್ರವೂ, 1923ರಲ್ಲಿ ತೀರದುದ್ದಕ್ಕೂ ಹಲಗೆಹಾಸಿನ ಕಾಲುದಾರಿಯೂ, 1927ರಲ್ಲಿ ಸೈಕ್ಲೋನ್ ಎಂಬ ಏರಿಳಿತದ ಆಟದ ರೈಲೂ ಬಂದವು. ಡೀನೋಸ್ ವೂರ್ಡೆರಿಸ್ ಎಂಬ ಗ್ರೀಕ್ ವಲಸಿಗನು ತಳ್ಳುಗಾಡಿಯಲ್ಲಿ ತಿಂಡಿ ಮಾರುತ್ತಿದ್ದ ಕಾಲದಲ್ಲಿ, ತಾನು ವರಿಸಲಿದ್ದ ಹೆಣ್ಣಿಗೆ ಆ ಚಕ್ರವನ್ನು ಒಂದು ದಿನ ಕೊಂಡುಕೊಡುವೆನೆಂದು ಮಾತು ಕೊಟ್ಟಿದ್ದನಂತೆ. 1983ರಲ್ಲಿ ಅದನ್ನು ಕೊಂಡೇಬಿಟ್ಟನು. ಎಲ್ಲ ವ್ಯಾಪಾರಿಗಳೂ ಇಷ್ಟು ಅದೃಷ್ಟವಂತರಲ್ಲ.

ಕಡಲತೀರದ ವ್ಯಾಪಾರದ ಕಷ್ಟವು ಲೆಕ್ಕದಲ್ಲಿ ಅಡಗಿದೆ. ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಅಲ್ಲಿ ಜನಜಂಗುಳಿ. ಆಮೇಲೆ ಚಳಿ, ಹಿಮ. ಈ ನೂರು ದಿನಗಳ ದುಡಿಮೆಯಲ್ಲೇ ವರ್ಷದ ಬಾಡಿಗೆಯೂ ಹುಟ್ಟಬೇಕು, ಮನೆಯೂ ನಡೆಯಬೇಕು. ವಾರದ ಕೊನೆಗೆ ಮಳೆ ಸುರಿದರೆ ಆ ಗಳಿಕೆಗೂ ಕುತ್ತು. ಅಂಗಡಿಯವನು ಗುತ್ತಿಗೆದಾರ, ನೆಲ ಬೇರೊಬ್ಬರದು. ಅಂಗಡಿಯ ಆದಾಯವು ತಿಂಡಿಯ ಬೆಲೆಯನ್ನು ಅವಲಂಬಿಸಿದರೆ, ನೆಲದ ಬೆಲೆಯು ಅದರ ಮೇಲೆ ಮುಂದೆ ಏನನ್ನು ಕಟ್ಟಬಹುದೆಂಬುದನ್ನು ಅವಲಂಬಿಸುತ್ತದೆ. ಬಹುಮಹಡಿಯ ಕಟ್ಟಡಕ್ಕೆ ಅನುಮತಿ ದೊರೆಯಬಹುದೆಂಬ ಸುದ್ದಿ ಹಬ್ಬಿದರೆ ಸಾಕು, ನೆಲದ ಬೆಲೆ ಗಗನಕ್ಕೇರುತ್ತದೆ. ತಿಂಡಿಯ ಬೆಲೆಯನ್ನು ಹಾಗೆ ಏರಿಸಲಾಗದು.

ಇದು ಹೊಸ ಸಂಗತಿಯೇನೂ ಅಲ್ಲ. 1964ರಲ್ಲಿ ಮುಚ್ಚಿದ ಸ್ಟೀಪಲ್‌ಚೇಸ್ ವಿನೋದವನವನ್ನು ಫ್ರೆಡ್ ಟ್ರಂಪ್ ಎಂಬ ಗೃಹನಿರ್ಮಾಪಕನು ಕೊಂಡು, 1966ರಲ್ಲಿ ಕೆಡವಿಸಿದನು. ಮನೆ ಕಟ್ಟಲು ಅನುಮತಿ ದೊರೆಯಲಿಲ್ಲ, ಕೆಡವಿದ್ದಷ್ಟೇ ಉಳಿಯಿತು. 1962ರಲ್ಲಿ ಆರಂಭವಾದ ಆಸ್ಟ್ರೋಲ್ಯಾಂಡ್ ವಿನೋದವನದ ಒಡೆಯರು 2006ರಲ್ಲಿ ನೆಲವನ್ನು ಒಂದು ಭೂವ್ಯವಹಾರ ಸಂಸ್ಥೆಗೆ ಮಾರಿ, ಅದೇ ನೆಲದಲ್ಲಿ ಗುತ್ತಿಗೆದಾರರಾಗಿ ಎರಡು ಬೇಸಗೆ ಕಳೆದರು. 2008ರಲ್ಲಿ ಅದೂ ಮುಚ್ಚಿತು.

2009ರಲ್ಲಿ ನಗರಾಡಳಿತವು ಹೊಸ ವಲಯ ನಿಯಮಗಳನ್ನು ಒಪ್ಪಿತು. ವಿನೋದಕ್ಕೆಂದು ಒಂದು ಭಾಗವನ್ನು ಕಾಯ್ದಿರಿಸಿ, ಸುತ್ತಲಿನ ಭಾಗಗಳಲ್ಲಿ ಎತ್ತರದ ಕಟ್ಟಡಗಳಿಗೆ ಅವಕಾಶ ನೀಡಿತು. ಸುಮಾರು ಏಳು ಎಕರೆಯನ್ನು 9.5 ಕೋಟಿ ಡಾಲರಿಗೂ ಮಿಗಿಲಾದ ಬೆಲೆ ತೆತ್ತು ತಾನೇ ಕೊಂಡಿತು. ಈಗ ನಗರವೇ ಒಡೆಯನಾದುದರಿಂದ ಹಳೆಯ ಅಂಗಡಿಗಳು ಉಳಿಯುವುವೆಂದು ಹಲವರು ನಂಬಿದರು. ಆದರೆ ನಗರವು ಆ ನೆಲವನ್ನು ನಡೆಸಲು ಒಪ್ಪಿಸಿದ್ದ ಸಂಸ್ಥೆಯು 2010ರ ನವೆಂಬರಿನಲ್ಲಿ ಹಲಗೆದಾರಿಯ ಹಳೆಯ ವ್ಯಾಪಾರಿಗಳಿಗೆ ಜಾಗ ತೆರವು ಮಾಡಲು ಸೂಚಿಸಿತು. ಎಂಟು ಅಂಗಡಿಗಳವರು ಒಗ್ಗೂಡಿ ನಿಂತರು. ವಿಷಯ ನ್ಯಾಯಾಲಯಕ್ಕೆ ಹೋಗಿ, ಸಂಧಾನವಾಗಿ, ಇನ್ನೊಂದು ಬೇಸಗೆಯ ಅವಧಿ ದೊರೆಯಿತು. ಕೊನೆಗೆ ಉಳಿದವು ಎರಡೇ: 1934ರಿಂದ ನಡೆದುಬಂದ ರೂಬೀಸ್ ಎಂಬ ಪಾನಗೃಹ ಮತ್ತು ಪಾಲ್ಸ್ ಡಾಟರ್ ಎಂಬ ತಿಂಡಿಯಂಗಡಿ. ಅವುಗಳಿಗೂ ಎಂಟು ವರ್ಷಗಳ ಗುತ್ತಿಗೆಯಷ್ಟೇ ಸಿಕ್ಕಿತು.

ಇಲ್ಲೊಂದು ಸೂಕ್ಷ್ಮವಿದೆ. ಸೈಕ್ಲೋನ್ 1988ರಲ್ಲೂ ವಂಡರ್ ವ್ಹೀಲ್ 1989ರಲ್ಲೂ ನಗರದ ಸಂರಕ್ಷಿತ ಸ್ಮಾರಕಗಳಾದವು. ಅವನ್ನು ಮನಬಂದಂತೆ ಕೆಡವುವಂತಿಲ್ಲ. ಅಂಥ ರಕ್ಷಣೆಯಿಲ್ಲದ ಹೆಂಡರ್‌ಸನ್ ಸಂಗೀತ ಸಭಾಂಗಣದ ಹಳೆಯ ಕಟ್ಟಡವು 2010ರಲ್ಲಿ ನೆಲಸಮವಾಯಿತು. ಕಾನೂನು ಕಟ್ಟಡವನ್ನು ಕಾಯಬಲ್ಲದು. ಕಟ್ಟೆಯ ಮೇಲೆ ಒಲೆ ಹೊತ್ತಿಸಿ, ಬಂದವರ ಹೆಸರು ಹಿಡಿದು ಕರೆಯುವ ವ್ಯಾಪಾರಿಯನ್ನು ಕಾಯುವ ಬಗೆ ಅದಕ್ಕೆ ತಿಳಿದಿಲ್ಲ. ಅವನು ಕಟ್ಟಡವಲ್ಲ, ಬರಿಯ ಗುತ್ತಿಗೆಯ ಒಂದು ಸಹಿ.

ಇತ್ತೀಚೆಗೆ ಈ ತೀರದಲ್ಲಿ ದೊಡ್ಡದೊಂದು ಜೂಜುಗೃಹವನ್ನೂ ಹೋಟೆಲನ್ನೂ ಕಟ್ಟುವ ಯೋಜನೆ ಮುಂದೆ ಬಂದಿತು. ಬೇಸಗೆಯಲ್ಲಷ್ಟೇ ಅಲ್ಲ, ವರ್ಷವಿಡೀ ಉದ್ಯೋಗ ದೊರೆಯುವುದೆಂಬುದು ಅದರವರ ವಾದ. ಚಳಿಗಾಲದಲ್ಲಿ ಕದ ಮುಚ್ಚಿ ಕುಳಿತ ಊರಿಗೆ ಅದು ತಳ್ಳಿಹಾಕುವ ಮಾತಲ್ಲ. ವಾಹನದಟ್ಟಣೆ ಹೆಚ್ಚುವುದು, ಊರಿನ ಚಹರೆಯೇ ಅಳಿಯುವುದು ಎಂದು ನಿವಾಸಿಗಳಲ್ಲಿ ಅನೇಕರು ವಿರೋಧಿಸಿದರು. 2025ರ ಸೆಪ್ಟೆಂಬರಿನಲ್ಲಿ ಸ್ಥಳೀಯ ಸಲಹಾ ಸಮಿತಿಯು ಅದನ್ನು ಬಹುಮತದಿಂದ ತಿರಸ್ಕರಿಸಿತು. ಆ ವೇಳೆಗೆ ಆ ವರ್ಷದ ಬೇಸಗೆಯ ಸಂದಣಿ ಮುಗಿದಿತ್ತು.